ಚಿರೋಟಿ ರವೆಯಷ್ಟು ಚಿಪ್ಪು, ಮೂವತ್ತು ಲಕ್ಷ ವರ್ಷದ ಲೆಕ್ಕ

ಲಾಲ್‌ಬಾಗಿನ ಬಂಡೆಗೆ ಹತ್ತಿರ ಹತ್ತಿರ ಮುನ್ನೂರು ಕೋಟಿ ವರ್ಷ. ಆದರೆ ಹಳೆಯ ಹವಾಮಾನ ಹೇಗಿತ್ತು ಅಂತ ಅದನ್ನು ಕೇಳಿ ಪ್ರಯೋಜನವಿಲ್ಲ. ನೆಲದಾಳದ ಶಾಖದಲ್ಲಿ ಬೆಂದು ಹರಳುಗಟ್ಟಿದ ಕಲ್ಲು ಅದು, ಮಳೆ ಬಿಸಿಲಿನ ಖಾತೆ ಇಟ್ಟಿಲ್ಲ. ಆ ಖಾತೆ ಇರುವುದು ಸಮುದ್ರತಳದ ಕೆಸರಿನಲ್ಲಿ.

ವಾಟ್ಸಾಪಿನಲ್ಲಿ ಒಂದು ಮಾತು ಓಡಾಡುತ್ತಿರುತ್ತದೆ: ಇಂಗಾಲದ ಡೈಆಕ್ಸೈಡು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420) ದಾಟಿದೆ, 30 ಲಕ್ಷ ವರ್ಷದ ಹಿಂದೆಯೂ ಇಷ್ಟೇ ಇತ್ತು, ಆಗ ಸಮುದ್ರ 20 ಮೀಟರ್ ಎತ್ತರವಿತ್ತು, ಆದ್ದರಿಂದ ಮಂಗಳೂರು ಮುಳುಗುತ್ತದೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈ ಅಂಕಿಗಳು ಎಲ್ಲಿಂದ ಹುಟ್ಟಿದವು ಅಂತ ತಿಳಿದರೆ ಎಷ್ಟು ನಂಬಬೇಕೆಂಬುದೂ ತಿಳಿಯುತ್ತದೆ.

ಮೂಲ ಸರಕು ಫೋರಾಮಿನಿಫೆರಾ ಎಂಬ ಏಕಕೋಶ ಜೀವಿಯ ಸುಣ್ಣದ ಚಿಪ್ಪು. ಜೀವಿ ಸತ್ತ ಮೇಲೆ ಚಿಪ್ಪು ತಳಕ್ಕಿಳಿದು ಪದರ ಪದರವಾಗಿ ಕೂರುತ್ತದೆ. ಹಡಗಿನಿಂದ ಕೊರೆದು ತೆಗೆದ ಕೆಸರಿನ ಕಂಬವನ್ನು ಉದ್ದಕ್ಕೆ ಸೀಳಿ, ಒಂದೆರಡು ಸೆಂಟಿಮೀಟರಿಗೊಂದು ತುಂಡು ತೆಗೆದು, 63 ಮೈಕ್ರಾನ್ ಜರಡಿಯಲ್ಲಿ ನೀರು ಹಾಯಿಸಿ ತೊಳೆದರೆ ಜೇಡಿ ಹರಿದುಹೋಗಿ ಮರಳಿನಂಥದ್ದು ಉಳಿಯುತ್ತದೆ. ಅದನ್ನು ಒಣಗಿಸಿ ಮತ್ತೆ ಜರಡಿ ಹಿಡಿದು, 250ರಿಂದ 355 ಮೈಕ್ರಾನ್ ಗಾತ್ರದ, ಅಂದರೆ ಚಿರೋಟಿ ರವೆಯ ಕಾಳಿನಷ್ಟಿರುವ ಚಿಪ್ಪುಗಳನ್ನು ಬೇರೆ ಮಾಡುತ್ತಾರೆ. ಆಮೇಲೆ ಮೈಕ್ರೋಸ್ಕೋಪಿನಡಿ ಒದ್ದೆ ಕುಂಚದ ತುದಿಯಲ್ಲಿ ಒಂದೊಂದಾಗಿ ಆರಿಸಬೇಕು. ಗಾತ್ರ ಬಿಗಿಯಾಗಿರಲೇಬೇಕು, ಒಂದೇ ಜಾತಿಯದೇ ಆಗಿರಬೇಕು. ಎಳೆಯ ಚಿಪ್ಪಿನ ರಸಾಯನ ಬೇರೆ, ಬಲಿತದ್ದರದು ಬೇರೆ. ಮೇಲ್ನೀರಿನಲ್ಲಿ ಬದುಕುವ ಜಾತಿಯೂ ನೂರು ಮೀಟರ್ ಕೆಳಗಿನದೂ ಬೆರೆತರೆ ಬರುವ ಉಷ್ಣತೆ ಯಾವ ನೀರಿನದೂ ಅಲ್ಲ.

ಚಿಪ್ಪಿನ ಸುಣ್ಣದಲ್ಲಿ ಭಾರದ ಆಮ್ಲಜನಕ (18) ಮತ್ತು ಹಗುರದ್ದು (16) ಯಾವ ಪ್ರಮಾಣದಲ್ಲಿವೆ ಎಂಬುದು ನೀರಿನ ಬಿಸಿಯನ್ನು ಅವಲಂಬಿಸಿದೆ. ನೀರು ತಣ್ಣಗಿದ್ದಷ್ಟೂ ಚಿಪ್ಪಿನಲ್ಲಿ ಭಾರದ ಆಮ್ಲಜನಕ ಹೆಚ್ಚು. ಅನುಪಾತ ಸಾವಿರಕ್ಕೆ ಒಂದು ಭಾಗ ಬದಲಾದರೆ ಉಷ್ಣತೆಯಲ್ಲಿ 4ರಿಂದ 5 ಡಿಗ್ರಿ ವ್ಯತ್ಯಾಸ. ತೊಡಕು ಇರುವುದು ಇಲ್ಲೇ. ಧ್ರುವದ ಮಂಜು ಹಗುರದ ಆಮ್ಲಜನಕವನ್ನೇ ಹೆಚ್ಚು ಹಿಡಿದಿಟ್ಟುಕೊಳ್ಳುವುದರಿಂದ, ಹಿಮಯುಗದಲ್ಲಿ ಇಡೀ ಸಮುದ್ರದ ನೀರಿನಲ್ಲೇ ಈ ಅನುಪಾತ ಸಾವಿರಕ್ಕೆ ಸುಮಾರು ಒಂದು ಭಾಗ ಹೆಚ್ಚಿತ್ತು. ಅದನ್ನು ಕಳೆಯದೆ ಲೆಕ್ಕ ಹಾಕಿದರೆ, ಮಂಜು ಬೆಳೆದದ್ದನ್ನು ನೀರು 4 ಡಿಗ್ರಿ ತಣಿಯಿತು ಅಂತ ಬರೆದುಬಿಡುತ್ತೇವೆ.

ಹಾಗಾಗಿ ಎರಡನೇ ಥರ್ಮಾಮೀಟರ್ ಬೇಕು: ಅದೇ ಚಿಪ್ಪಿನಲ್ಲಿ ಕ್ಯಾಲ್ಸಿಯಂಗೆ ಹೋಲಿಸಿದರೆ ಮೆಗ್ನೀಷಿಯಂ ಎಷ್ಟಿದೆ ಎಂಬುದು. ನೀರು ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ನೂರಕ್ಕೆ 9ರಷ್ಟು ಏರುತ್ತದೆ. ಕೇಳಲು ಸುಲಭ, ತೊಳೆಯುವುದೇ ಕಷ್ಟ. ಇಪ್ಪತ್ತು ಮೂವತ್ತು ಚಿಪ್ಪುಗಳನ್ನು ಎರಡು ಗಾಜಿನ ಬಿಲ್ಲೆಗಳ ನಡುವೆ ಮೆಲ್ಲಗೆ ಒತ್ತಿ ಕೋಣೆಗಳನ್ನು ತೆರೆಯಬೇಕು, ಪುಡಿ ಮಾಡಬಾರದು. ಶುದ್ಧನೀರು ಮತ್ತು ಮೆಥನಾಲ್ ಹಾಕಿ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಮತ್ತೆ ಮತ್ತೆ ಜಾಲಿಸಬೇಕು, ಕ್ಷಾರ ಬೆರೆಸಿದ ಬಿಸಿ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಜೈವಿಕ ಅಂಶ ಕಳೆಯಬೇಕು, ಕೊನೆಗೆ ತೀರಾ ತೆಳು ನೈಟ್ರಿಕ್ ಆಮ್ಲದಲ್ಲಿ ಒಂದು ಅದ್ದು. ಜೇಡಿಯಲ್ಲಿ ಮೆಗ್ನೀಷಿಯಂ ಧಾರಾಳ. ಒಂದು ಚೂರು ಉಳಿದರೂ ಇಲ್ಲದ ಬಿಸಿ ಕಾಣಿಸುತ್ತದೆ. ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಮೆಗ್ನೀಷಿಯಂ ಹೆಚ್ಚಿರುವ ಭಾಗವೇ ಮೊದಲು ಕರಗಿ ಇಲ್ಲದ ಚಳಿ ಕಾಣಿಸುತ್ತದೆ. ಅದಕ್ಕೇ ಅದೇ ದ್ರಾವಣದಲ್ಲಿ ಅಲ್ಯೂಮಿನಿಯಂ, ಕಬ್ಬಿಣ, ಮ್ಯಾಂಗನೀಸ್ ಕೂಡ ಅಳೆಯುವುದು. ಅವು ಏರಿದ್ದರೆ ಆ ಮಾದರಿ ಕಸದ ಬುಟ್ಟಿಗೆ. ಅಂಕಿ ಎಷ್ಟೇ ಚೆನ್ನಾಗಿ ಕಂಡರೂ ಇಟ್ಟುಕೊಳ್ಳಬಾರದು.

ಇಷ್ಟೆಲ್ಲ ಮಾಡಿದರೂ ಚಿಪ್ಪೇ ಮೋಸ ಮಾಡಬಹುದು. ಸುಮಾರು 5 ಕೋಟಿ ವರ್ಷದ ಹಿಂದಿನ ಇಯೊಸೀನ್ ಕಾಲದಲ್ಲಿ ಧ್ರುವ ಬೆಚ್ಚಗಿತ್ತು, ಉಷ್ಣವಲಯ ಮಾತ್ರ ಇಂದಿಗಿಂತ ತಂಪಾಗಿತ್ತು ಎಂಬ ವಿಚಿತ್ರ ಫಲಿತಾಂಶ ಬಹುಕಾಲ ತಲೆ ತಿಂದಿತ್ತು. ಆಳ ಸಮುದ್ರದಲ್ಲಿ ಕೂತ ಚಿಪ್ಪು ತಳದ ತಣ್ಣೀರಿನಲ್ಲಿ ನಿಧಾನವಾಗಿ ಮರುಹರಳಾಗಿ, ಮೇಲ್ನೀರಿನ ಗುರುತಿನ ಮೇಲೆ ತಳದ ಗುರುತು ಹತ್ತಿಸಿಕೊಂಡಿತ್ತು. ಅಂಥ ಚಿಪ್ಪು ಸಕ್ಕರೆ ಸವರಿದಂತೆ ಬೆಳ್ಳಗೆ ಮಂಕಾಗಿರುತ್ತದೆ. ಟಾಂಜಾನಿಯಾದ ಜೇಡಿಯೊಳಗೆ ಸಿಕ್ಕ, ಗಾಜಿನಂತೆ ಪಾರದರ್ಶಕವಾದ ಚಿಪ್ಪುಗಳನ್ನು ಅಳೆದು 2001ರಲ್ಲಿ ಪ್ರಕಟಿಸಿದಾಗ ಉಷ್ಣವಲಯವೂ ಬಿಸಿಯಾಗಿಯೇ ಇತ್ತೆಂದು ಸ್ಪಷ್ಟವಾಯಿತು. ಪಾಚಿಯ ಮೇಣದಿಂದ ಉಷ್ಣತೆ ಓದುವ ಇನ್ನೊಂದು ವಿಧಾನ 28–29 ಡಿಗ್ರಿ ಹತ್ತಿರ ಮುಟ್ಟಿದರೆ ಮುಂದೆ ಏರುವುದೇ ಇಲ್ಲ. ನಮ್ಮ ಬಂಗಾಳ ಕೊಲ್ಲಿಯಂಥ ಬಿಸಿನೀರಿಗೆ ಅದು ಕುಳ್ಳ ಥರ್ಮಾಮೀಟರ್.

ಈಗ ಆ ವಾಟ್ಸಾಪ್ ಮಾತಿಗೆ ಬರೋಣ. ಧ್ರುವದಲ್ಲಿ ಕೊರೆದು ತೆಗೆದ ಮಂಜುಗಡ್ಡೆಯ ಕಂಬದೊಳಗಿನ ಗಾಳಿಗುಳ್ಳೆಗಳ ನಿರಂತರ ದಾಖಲೆ 8 ಲಕ್ಷ ವರ್ಷಕ್ಕೆ ನಿಲ್ಲುತ್ತದೆ. ಅದರ ಹಿಂದಕ್ಕೆ ಹೋಗಲು ಚಿಪ್ಪಿನಲ್ಲಿರುವ ಭಾರದ ಮತ್ತು ಹಗುರದ ಬೋರಾನಿನ (ಐಸೋಟೋಪುಗಳ) ಅನುಪಾತದಿಂದ ಸಮುದ್ರದ ಆಮ್ಲೀಯತೆ, ಅದರಿಂದ ಡೈಆಕ್ಸೈಡು ಲೆಕ್ಕ ಹಾಕುತ್ತಾರೆ. ಮಧ್ಯ ಪ್ಲಯೊಸೀನ್ ಕಾಲಕ್ಕೆ, ಅಂದರೆ 33ರಿಂದ 30 ಲಕ್ಷ ವರ್ಷದ ಹಿಂದಕ್ಕೆ, ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಆರನೇ ವರದಿ ಕೊಡುವುದು 360ರಿಂದ 420 ಪಿಪಿಎಂ. ಉಷ್ಣತೆ ಕೈಗಾರಿಕೆಗೆ ಮುಂಚಿನದಕ್ಕಿಂತ 2.5ರಿಂದ 4 ಡಿಗ್ರಿ ಹೆಚ್ಚು. ಸಮುದ್ರಮಟ್ಟ 5ರಿಂದ 25 ಮೀಟರ್ ಮೇಲೆ. ಆ ವ್ಯಾಪ್ತಿಯ ಅಗಲ ಗಮನಿಸಿ. ಒಂದೇ ಸಂಖ್ಯೆ ಹೇಳಿದವರು ಏನೋ ಮುಚ್ಚಿಟ್ಟಿದ್ದಾರೆ ಅಂತಲೇ ಅರ್ಥ. ಇನ್ನೊಂದು ವಿಷಯ: ಆಗ ಮಂಜು ಕರಗಿ ಸಮುದ್ರ ಸಮತೋಲನಕ್ಕೆ ಬರಲು ಸಾವಿರಾರು ವರ್ಷ ಇತ್ತು. ಇಷ್ಟೇ ಡೈಆಕ್ಸೈಡು ಹೀಗೇ ಉಳಿದರೆ ಸಮುದ್ರ ಕೊನೆಗೆ ಯಾವ ಮಟ್ಟದತ್ತ ಹೋಗುತ್ತದೆ ಅನ್ನುವುದನ್ನು ಪ್ಲಯೊಸೀನ್ ಹೇಳುತ್ತದೆ. 2100ರಲ್ಲಿ ಉಳ್ಳಾಲದ ದಂಡೆ ಎಲ್ಲಿರುತ್ತದೆ ಅನ್ನುವುದನ್ನಲ್ಲ.

ಹಳೆಯ ಸಮುದ್ರದ ದೊಡ್ಡ ಉಪಯೋಗ, ನಮ್ಮ ಮಟ್ಟಿಗೆ, ಕಣಿ ಹೇಳಿಸುವುದಲ್ಲ, ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಿಗೆ ಪರೀಕ್ಷೆ ಕೊಡುವುದು. ಅಮೆರಿಕದ ಸಿಇಎಸ್‌ಎಂ2 ಎಂಬ ಕಂಪ್ಯೂಟರ್ ಮಾದರಿಯಲ್ಲಿ ಡೈಆಕ್ಸೈಡು ಇಮ್ಮಡಿಯಾದರೆ 5.3 ಡಿಗ್ರಿ ಏರಿಕೆ ಬರುತ್ತಿತ್ತು. ಇಂದಿನ ಹವಾಮಾನವನ್ನು ಅದು ಚೆನ್ನಾಗಿಯೇ ತೋರಿಸುತ್ತಿತ್ತು. ಇಯೊಸೀನ್ ಕಾಲದ ಸ್ಥಿತಿ ಕೊಟ್ಟಾಗ ಉಷ್ಣವಲಯದ ನೆಲ 55 ಡಿಗ್ರಿ ದಾಟಿತು, ಹಿಮಯುಗ ಕೊಟ್ಟಾಗ ವಿಪರೀತ ಚಳಿ. ಚಿಪ್ಪುಗಳ ಸಾಕ್ಷಿಗೆ ಎರಡೂ ಹೊಂದಲಿಲ್ಲ. ತಪ್ಪಿನ ಜಾಡು ಮೋಡದೊಳಗಿನ ಹಿಮಕಣಗಳ ಲೆಕ್ಕದವರೆಗೆ ಹೋಯಿತು. ಹಿಂದಿನ ಕಾಲದ ಸಾಕ್ಷಿಯನ್ನೂ ಸೇರಿಸಿ ಡೈಆಕ್ಸೈಡು ಇಮ್ಮಡಿಯಾದರೆ ಆಗುವ ಏರಿಕೆಗೆ ಐಪಿಸಿಸಿ ಕೊಡುವ ಉತ್ತಮ ಅಂದಾಜು 3 ಡಿಗ್ರಿ.

ವೇಗದ ಬಗ್ಗೆ 5.6 ಕೋಟಿ ವರ್ಷದ ಹಿಂದಿನ ಘಟನೆಯೊಂದಿದೆ. ಸಾವಿರಾರು ವರ್ಷಗಳಲ್ಲಿ ಅಪಾರ ಇಂಗಾಲ ಹೊರಬಂದು ಭೂಮಿ 5–6 ಡಿಗ್ರಿ ಬಿಸಿಯಾಯಿತು. ದಕ್ಷಿಣ ಅಟ್ಲಾಂಟಿಕ್‌ನ ವಾಲ್ವಿಸ್ ರಿಡ್ಜ್ ಎಂಬ ಸಮುದ್ರತಳದ ಬೆಟ್ಟಸಾಲಿನಲ್ಲಿ 2003ರಲ್ಲಿ ತೆಗೆದ ಕಂಬದಲ್ಲಿ ಬಿಳಿ ಸುಣ್ಣದ ಕೆಸರು ಇದ್ದಕ್ಕಿದ್ದಂತೆ ಕೆಂಪು ಜೇಡಿಯಾಗುತ್ತದೆ: ಆಮ್ಲೀಯವಾದ ನೀರು ಚಿಪ್ಪುಗಳನ್ನೆಲ್ಲ ಕರಗಿಸಿತ್ತು. ಅದಕ್ಕೂ ಮುಂಚೆ ಕೂತಿದ್ದ ಪದರವೂ ಸ್ವಲ್ಪ ಕರಗಿದ್ದರಿಂದ ಆರಂಭದ ಪುಟಗಳೇ ಹರಿದಿವೆ. ಆಗಿನ ಗರಿಷ್ಠ ವೇಗ ವರ್ಷಕ್ಕೆ ಸುಮಾರು ಒಂದು ಶತಕೋಟಿ ಟನ್ ಇಂಗಾಲ ಅಂತ ಒಂದು ಅಂದಾಜು. ಈಗ ನಾವು ಬಿಡುತ್ತಿರುವುದು ಸುಮಾರು ಹತ್ತು.

ಬೆಂಗಳೂರಿಗೆ ಸಮುದ್ರಮಟ್ಟಕ್ಕಿಂತ ಹತ್ತಿರದ ವಿಷಯ ಮುಂಗಾರು. ಇಲ್ಲಿ ಒಂದು ಗೊಂದಲ ಸಾಮಾನ್ಯ. ಅರಬ್ಬಿ ಸಮುದ್ರದ ಗ್ಲೋಬಿಜೆರಿನಾ ಬುಲಾಯ್ಡಿಸ್ ಎಂಬ ಜಾತಿ, ಗಾಳಿ ಬೀಸಿ ಕೆಳಗಿನ ತಣ್ಣೀರು ಮೇಲೆ ಬಂದಾಗ ಹೆಚ್ಚುತ್ತದೆ. ಅದು ಗಾಳಿಯ ಲೆಕ್ಕ, ಮಳೆಯದಲ್ಲ. ಮಳೆ ಬೇಕಾದರೆ ಬಂಗಾಳ ಕೊಲ್ಲಿಗೆ ಹೋಗಬೇಕು. 2014ರ ಕೊನೆ, 2015ರ ಆರಂಭದಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಮಹಾನದಿ ಮುಖದಾಚೆ ಕೊರೆದ ಕಂಬದಲ್ಲಿ, ಮೆಗ್ನೀಷಿಯಂನಿಂದ ಉಷ್ಣತೆ ಕಳೆದು ಉಳಿದ ಆಮ್ಲಜನಕದ ಸಂಕೇತದಲ್ಲಿ ನದಿಯ ಸಿಹಿನೀರು ಕಾಣುತ್ತದೆ. 9 ಲಕ್ಷ ವರ್ಷದ ಆ ದಾಖಲೆಯ ಪ್ರಕಾರ, ಡೈಆಕ್ಸೈಡು ಹೆಚ್ಚಿ ಮಂಜು ಕಡಿಮೆಯಿದ್ದ ಕಾಲದಲ್ಲಿ ಮಳೆ ಹೆಚ್ಚು. ಮುಂದಿನ ಮುಂಗಾರಿನ ಬಗ್ಗೆ ಮಾದರಿಗಳು ಹೇಳುವ ದಿಕ್ಕೂ ಅದೇ.

ಹಾಗಾದರೆ ಕಾವೇರಿ ತುಂಬಿಯೇ ಇರುತ್ತದೆಯೇ? ಕೆಸರಿನ ಕಂಬಕ್ಕೆ ಅಷ್ಟು ಚೂಪಾದ ಕಣ್ಣಿಲ್ಲ. ತೆರೆದ ಸಮುದ್ರದಲ್ಲಿ ಸಾವಿರ ವರ್ಷಕ್ಕೆ ಕೂರುವುದು ಎರಡು ಮೂರು ಸೆಂಟಿಮೀಟರ್, ಅದನ್ನೂ ಹುಳುಗಳು ಮೇಲೆ ಕೆಳಗೆ ಕಲಸಿರುತ್ತವೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿಸಿದಂದಿನಿಂದ ಇವತ್ತಿನವರೆಗಿನದೆಲ್ಲ ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರಸ್ತೆ ಮುಳುಗಿದ್ದೂ 2023ರಲ್ಲಿ ಮಳೆ ಕೈಕೊಟ್ಟಿದ್ದೂ ಅದರೊಳಗಿನ ಒಂದೇ ಚಿಟಿಕೆ. ರಾಜಕಾಲುವೆಯ ಅಗಲ ನಿರ್ಧರಿಸಲು ಬೇಕಾದದ್ದು ಗಂಟೆಗೆ ಎಷ್ಟು ಮಿಲಿಮೀಟರ್ ಸುರಿಯಿತು ಎಂಬ ಲೆಕ್ಕ. ಅದನ್ನು ಮಳೆಮಾಪಕವೇ ಕೊಡಬೇಕು.