ತಾರು ಕಾಯಿಸಲು ಬಂದವರು ಗಡಿ ಕಾದರು

ಯುದ್ಧ ಮತ್ತು 1709ರ ಭೀಕರ ಚಳಿಗೆ ನಲುಗಿ ರೈನ್ ನದಿಯ ಪ್ಯಾಲಟಿನೇಟ್ ಸೀಮೆ ಬಿಟ್ಟ ಜರ್ಮನ್ ರೈತರಲ್ಲಿ ಸುಮಾರು 3,000 ಜನರನ್ನು ಬ್ರಿಟಿಷ್ ಸರ್ಕಾರ 1710ರಲ್ಲಿ ಅಮೆರಿಕದ ತನ್ನ ವಸಾಹತಾದ ನ್ಯೂಯಾರ್ಕ್‌ಗೆ ಹಡಗು ಹತ್ತಿಸಿತು. ನೂರಾರು ಜನ ಜ್ವರ ಬಂದು ದಾರಿಯಲ್ಲೇ ಸತ್ತರು. ಉಳಿದವರು ಹಡ್ಸನ್ ನದಿಯ ದಂಡೆಯಲ್ಲಿ ಪೈನ್ ಮರದ ತೊಗಟೆ ಸುಲಿದು, ನೌಕಾಪಡೆಯ ಹಡಗುಗಳಿಗೆ ಬಳಿಯುವ ಕಪ್ಪು ಅಂಟು ತಾರು ಮಾಡಿಕೊಟ್ಟು ಪ್ರಯಾಣದ ಸಾಲ ತೀರಿಸಬೇಕಿತ್ತು.

ಅವರು ಸಿಪಾಯಿಗಳಾದದ್ದೂ ಇದೇ ಸಾಲದ ನೆರಳಿನಲ್ಲಿ. 1711ರಲ್ಲಿ ಅವರು ತಿರುಗಿಬಿದ್ದಾಗ ನ್ಯೂಯಾರ್ಕಿನ ಗವರ್ನರ್ ಹಂಟರ್ ಸೈನಿಕರನ್ನು ತಂದು ಆಯುಧ ಕಸಿದುಕೊಂಡ. ಅದೇ ವರ್ಷ ಫ್ರೆಂಚರ ವಶದಲ್ಲಿದ್ದ ಕೆನಡಾದ ಮೇಲಿನ ದಂಡಯಾತ್ರೆಗೆ ಅವರಲ್ಲೇ ಸುಮಾರು 300 ಗಂಡಸರನ್ನು ಕಳುಹಿಸಿದ! ಸಂಬಳ ಸಿಗಲಿಲ್ಲ, ಮರಳಿ ಬಂದಾಗ ಹೆಂಡತಿ ಮಕ್ಕಳು ಹಸಿದಿದ್ದರು ಎಂಬುದು ಅವರು ಲಂಡನ್ನಿಗೆ ಸಲ್ಲಿಸಿದ ದೂರಿನಲ್ಲಿದೆ. ತಾರಿನ ಯೋಜನೆ 1712ರಲ್ಲಿ ಕುಸಿದು ಪಡಿತರವೂ ನಿಂತಿತು.

ಆಮೇಲೆ ಹಲವರಿಗೆ ಮೊಹಾಕ್ ಕಣಿವೆಯಲ್ಲಿ ಭೂಮಿ ಸಿಕ್ಕಿತು. ಮಣ್ಣು ಫಲವತ್ತಾಗಿತ್ತು, ಆದರೆ ಫ್ರೆಂಚರ ದಾಳಿಯ ದಾರಿಯೂ ಅದೇ. 1757ರ ನವೆಂಬರ್‌ನಲ್ಲಿ ಜರ್ಮನ್ ಫ್ಲಾಟ್ಸ್ ಹಳ್ಳಿ ಸುಟ್ಟುಹೋಯಿತು, ಸುಮಾರು 40 ಜನ ಸತ್ತು ನೂರಕ್ಕೂ ಹೆಚ್ಚು ಜನ ಸೆರೆಯಾದರು. ಈ ರೈತರನ್ನು ವಸಾಹತಿಗೆ ಬೇಲಿಯಾಗಿ ನೆಟ್ಟಿದ್ದರು ಎಂದೇ ಹೇಳಬೇಕು.

ಈ ಬೇಲಿ ಕಾಯುತ್ತಿದ್ದುದು ಮಿಲಿಷಿಯಾ, ಅಂದರೆ ಊರಿನವರದೇ ಪಡೆ. ಆಗಿನ ಮಿಲಿಷಿಯಾ ಪೂರ್ಣಕಾಲದ ಸೈನ್ಯವಲ್ಲ. ದುಡಿಯುವ ವಯಸ್ಸಿನ ಗಂಡಸರೆಲ್ಲ ಸ್ವಂತ ಬಂದೂಕು, ಮದ್ದು, ಗುಂಡುಗಳೊಂದಿಗೆ ಕವಾಯತಿಗೆ ಬರಬೇಕು, ತಪ್ಪಿದರೆ ದಂಡ. ಮನೆಮನೆಯ ಬಂದೂಕಿನ ನಳಿಕೆ ಒಂದೇ ಅಳತೆಯದ್ದಲ್ಲವಾದ್ದರಿಂದ ಪಕ್ಕದವನ ಗುಂಡು ಇವನಿಗೆ ಹೊಂದದೆ ಹೋಗಬಹುದು. ಹೀಗಾಗಿ ಸೀಸ ಕರಗಿಸಿ ತನ್ನ ಅಚ್ಚಿನಲ್ಲೇ ಗುಂಡು ಎರೆದುಕೊಳ್ಳಬೇಕು.

ತೋಟಾ, ಅಂದರೆ ಒಂದು ಸಲಕ್ಕೆ ಬೇಕಾದ ಮದ್ದು, ಗುಂಡು ಸುತ್ತಿಟ್ಟ ಪೊಟ್ಟಣ, ಇದ್ದವನು ಅದರ ಕಾಗದ ಹಲ್ಲಿನಿಂದ ಹರಿದು, ಚಿಟಿಕೆ ಮದ್ದನ್ನು ಕಿಡಿ ಬೀಳುವ ರಂಜಕದ ಬಟ್ಟಲಿಗೆ ಹಾಕಿ ಮುಚ್ಚುತ್ತಾನೆ. ಉಳಿದ ಮದ್ದು, ಗುಂಡು, ಕಾಗದ ನಳಿಕೆಗೆ ಹೋಗುತ್ತವೆ, ಗಜವೆಂಬ ಕೋಲಿನಿಂದ ತಳದವರೆಗೆ ದೂಡುತ್ತಾನೆ. ಪಳಗಿದವನು ನಿಮಿಷಕ್ಕೆ ಮೂರು ಸಲ ಹೊಡೆದಾನು. ಚಕಮಕಿ ಕಲ್ಲು ಮೊಂಡಾದರೆ ಕಿಡಿಯಿಲ್ಲ. ಬಟ್ಟಲಿನಿಂದ ನಳಿಕೆಗೆ ಬೆಂಕಿ ಹೋಗುವ ಪಕ್ಕದ ರಂಧ್ರಕ್ಕೆ ಮಸಿ ಕಟ್ಟಿದರೆ ಬಟ್ಟಲಿನ ರಂಜಕ ಮಾತ್ರ ಭಗ್ಗೆಂದು ಉರಿದು ಗುಂಡು ಒಳಗೇ ಉಳಿಯುತ್ತದೆ. ಮಳೆ ಬಂದರಂತೂ ಬಂದೂಕು ಬರೀ ದೊಣ್ಣೆ.

ಇದೆಲ್ಲ ಒರೆಗೆ ಬಿದ್ದದ್ದು ವಸಾಹತುಗಳು ಬ್ರಿಟಿಷರ ವಿರುದ್ಧ ಎದ್ದ ಸ್ವಾತಂತ್ರ್ಯ ಯುದ್ಧದಲ್ಲಿ, 1777ರ ಆಗಸ್ಟ್ 6ರಂದು ಅದೇ ಕಣಿವೆಯ ಒರಿಸ್ಕನಿಯಲ್ಲಿ. ಪ್ಯಾಲಟಿನೇಟ್ ವಲಸಿಗನ ಮಗ ನಿಕೊಲಸ್ ಹರ್ಕಿಮರ್ ಮಿಲಿಷಿಯಾದ ಸುಮಾರು 800 ಜನರೊಂದಿಗೆ, ಬ್ರಿಟಿಷರ ಮುತ್ತಿಗೆಗೆ ಸಿಕ್ಕಿದ್ದ ಸ್ಟ್ಯಾನ್ವಿಕ್ಸ್ ಕೋಟೆಯ ನೆರವಿಗೆ ಹೊರಟಿದ್ದ. ಕಮರಿಯೊಂದರಲ್ಲಿ ಶತ್ರುಗಳು ಹೊಂಚುಹಾಕಿ ಎರಗಿದರು. ಎದುರಾಳಿ ಪಾಳೆಯದಲ್ಲಿ ಅದೇ ಕಣಿವೆಯ ನೆರೆಹೊರೆಯವರೂ ಇದ್ದರು, ಅವನ ತಮ್ಮನೊಬ್ಬ ಕೂಡ ಬ್ರಿಟಿಷರ ಪಕ್ಷ ಹಿಡಿದಿದ್ದ. ಕಾಲಿಗೆ ಗುಂಡು ತಗುಲಿದ ಹರ್ಕಿಮರ್ ಮರಕ್ಕೊರಗಿ ಕುಳಿತೇ ಆಜ್ಞೆ ಕೊಟ್ಟ.

ಮಿಲಿಷಿಯಾದವನೊಬ್ಬ ಗುಂಡು ಹೊಡೆದ ಕೂಡಲೇ, ಮತ್ತೆ ಮದ್ದು ತುಂಬುವಷ್ಟರಲ್ಲಿ, ಬ್ರಿಟಿಷರ ಪರ ನಿಂತ ಸ್ಥಳೀಯ ಇರೊಕ್ವಾ ಬುಡಕಟ್ಟಿನ ಯೋಧ ಕೊಡಲಿ ಹಿಡಿದು ಮೇಲೆ ಬೀಳುತ್ತಿದ್ದ. ಜೋರು ಮಳೆ ಸುರಿದು ಸುಮಾರು ಒಂದು ಗಂಟೆ ಕಾಳಗ ನಿಂತಿತು. ಆ ಬಿಡುವಿನಲ್ಲಿ ಹೊಸ ಏರ್ಪಾಡಾಯಿತು: ಒಂದು ಮರಕ್ಕೆ ಇಬ್ಬರು, ಒಬ್ಬ ಹೊಡೆದರೆ ಅವನು ತುಂಬಿ ಮುಗಿಸುವವರೆಗೆ ಇನ್ನೊಬ್ಬ ಗುಂಡು ಉಳಿಸಿಕೊಂಡಿರಬೇಕು. ಬದುಕಿ ಉಳಿದವರು ಹರ್ಕಿಮರನನ್ನು ಹೊತ್ತು ಮನೆಗೆ ತಂದರು. ಸುಮಾರು ಹತ್ತು ದಿನಕ್ಕೆ, ಕಾಲು ಕತ್ತರಿಸಿದ ಮೇಲೆ ರಕ್ತ ನಿಲ್ಲದೆ ಅವನು ತೀರಿಕೊಂಡ.