ಅಮೀರ್ ಆ ವಾಚನ್ನು ಹಸನ್‌ನ ಹಾಸಿಗೆ ಕೆಳಗೆ ಇಟ್ಟಿದ್ದು ಯಾಕೆ?

"ದಿ ಕೈಟ್ ರನ್ನರ್" ಓದಿ ಮುಗಿಸಿದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಮೊನ್ನೆ ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಇನ್ನೂ ನೇರವಾಗಿ ಕೇಳಿದರು: "ಗಲ್ಲಿಯಲ್ಲಿ ಹೆದರಿ ಓಡಿಹೋಗಿದ್ದು ಅರ್ಥ ಆಗುತ್ತೆ ಮೇಷ್ಟ್ರೆ, ಹನ್ನೆರಡು ವರ್ಷದ ಹುಡುಗ. ಆದರೆ ಆಮೇಲೆ ಬೇಕಂತಲೇ ಕಳ್ಳತನ ಹೊರಿಸ್ತಾನಲ್ಲ, ಅದು ಯಾಕೆ? ಮನಸ್ಸು ಚುಚ್ಚುತ್ತಿದ್ದರೆ ಮತ್ತೊಂದು ತಪ್ಪು ಮಾಡ್ತಾನಾ?"

ಮಾಡುತ್ತಾನೆ. ಮನಸ್ಸು ಚುಚ್ಚುತ್ತಿರುವುದಕ್ಕೇ ಮಾಡುತ್ತಾನೆ. ಇಡೀ ಕಾದಂಬರಿ ನಿಂತಿರುವುದು ಈ ಒಂದು ಮಾತಿನ ಮೇಲೆ ಅಂತ ನನಗೆ ಅನಿಸುತ್ತದೆ.

ಓದದೇ ಇದ್ದವರಿಗೆ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಾಬೂಲಿನಲ್ಲಿ ಹುಟ್ಟಿ ಅಮೆರಿಕದಲ್ಲಿ ವೈದ್ಯರಾಗಿದ್ದ ಖಾಲಿದ್ ಹೊಸೇನಿ ಅವರ ಮೊದಲ ಕಾದಂಬರಿ ಇದು, 2003ರಲ್ಲಿ ಬಂತು. ಅಮೀರ್ ಸಿರಿವಂತ ಪಶ್ತೂನ್ ಮನೆಯ ಮಗ. ಹಸನ್ ಅದೇ ಮನೆಯ ಆಳು ಅಲಿಯ ಮಗ, ಅಲ್ಲಿ ಕೀಳಾಗಿ ಕಾಣುತ್ತಿದ್ದ ಹಜಾರಾ ಜನಾಂಗದವನು. ಇಬ್ಬರೂ ಒಬ್ಬಳೇ ದಾದಿಯ ಹಾಲು ಕುಡಿದು ಬೆಳೆದವರು. 1975ರ ಚಳಿಗಾಲದ ಗಾಳಿಪಟ ಪಂದ್ಯದಲ್ಲಿ ಅಮೀರ್ ಗೆಲ್ಲುತ್ತಾನೆ. ಕೊನೆಗೆ ಕತ್ತರಿಸಿ ಬಿದ್ದ ನೀಲಿ ಪಟವನ್ನು ಅವನಿಗಾಗಿ ಹಿಡಿದು ತರಲು ಹಸನ್ ಓಡುತ್ತಾನೆ. ಗಲ್ಲಿಯೊಂದರಲ್ಲಿ ಆಸೆಫ್ ಎಂಬ ಪುಂಡ ಅಡ್ಡ ಹಾಕಿ ಪಟ ಕೇಳುತ್ತಾನೆ, ಹಸನ್ ಕೊಡುವುದಿಲ್ಲ, ಆಸೆಫ್ ಅವನ ಮೇಲೆ ಅತ್ಯಾಚಾರ ಮಾಡುತ್ತಾನೆ. ಮರೆಯಲ್ಲಿ ನಿಂತು ನೋಡಿದ ಅಮೀರ್ ಸದ್ದಿಲ್ಲದೆ ಓಡಿಹೋಗುತ್ತಾನೆ. ಅಪ್ಪನ ಮೆಚ್ಚುಗೆಗೆ ಆ ಪಟ ಬೇಕಾಗಿತ್ತು ಅವನಿಗೆ.

ಇಲ್ಲಿಂದ ಮುಂದೆ ನಿಧಾನವಾಗಿ ಓದಬೇಕು. ವಾಚಿನ ಪ್ರಸಂಗ ಒಮ್ಮೆಲೇ ಬರುವುದಿಲ್ಲ. ಅದಕ್ಕೆ ಮುಂಚೆ ಒಂದು ದಿನ ಅಮೀರ್ ಹಸನ್‌ನನ್ನು ಗುಡ್ಡದ ಮೇಲಿನ ದಾಳಿಂಬೆ ಮರದ ಹತ್ತಿರ ಕರೆದೊಯ್ದು ಅವನ ಮೇಲೆ ಹಣ್ಣು ಎಸೆಯುತ್ತಾನೆ. ಒಂದಲ್ಲ ಎರಡಲ್ಲ, ಎಸೆಯುತ್ತಲೇ ಹೋಗುತ್ತಾನೆ, ತಿರುಗಿ ಹೊಡಿ ಅಂತ ಕೂಗುತ್ತಾನೆ. ಮೈತುಂಬ ಕೆಂಪು ರಸ ಸುರಿಯುತ್ತಿರುವ ಹಸನ್ ಹೊಡೆಯುವುದಿಲ್ಲ. ತಾನೇ ಒಂದು ದಾಳಿಂಬೆ ತೆಗೆದು ತನ್ನ ಹಣೆಗೆ ಜಜ್ಜಿಕೊಂಡು, ಈಗ ಸಮಾಧಾನ ಆಯ್ತಾ ಅಂತ ಕೇಳಿ ಹೋಗಿಬಿಡುತ್ತಾನೆ. ಒಂದೇ ಒಂದು ಏಟು ಬಿದ್ದಿದ್ದರೆ ಅಮೀರ್‌ಗೆ ಆ ರಾತ್ರಿ ನಿದ್ದೆ ಬರುತ್ತಿತ್ತೋ ಏನೋ. ಇದಕ್ಕೂ ಮೊದಲೇ ಅಪ್ಪನ ಹತ್ತಿರ, ಬೇರೆ ಆಳುಗಳನ್ನು ಇಟ್ಟುಕೊಳ್ಳೋಣವಾ ಅಂತ ಕೇಳಿ ಬೈಸಿಕೊಂಡಿರುತ್ತಾನೆ. ಎರಡೂ ದಾರಿ ಮುಚ್ಚಿದ ಮೇಲೆ ಉಳಿದಿದ್ದು ವಾಚು. ಹುಟ್ಟುಹಬ್ಬಕ್ಕೆ ಅಪ್ಪ ಕೊಟ್ಟ ಹೊಸ ವಾಚು, ಜೊತೆಗೆ ಒಂದಿಷ್ಟು ನೋಟು.

ಕಳ್ಳತನವನ್ನೇ ಆರಿಸಿದ್ದಕ್ಕೂ ಕಾರಣ ಇದೆ. ಲೋಕದಲ್ಲಿ ಪಾಪ ಅಂತ ಇರುವುದು ಒಂದೇ, ಅದು ಕಳ್ಳತನ, ಉಳಿದದ್ದೆಲ್ಲ ಅದರ ರೂಪಗಳು ಅಂತ ಅಪ್ಪ ಒಮ್ಮೆ ಹೇಳಿರುತ್ತಾನೆ. ಹಾಗಾಗಿ ಹಸನ್ ಮನೆಯಿಂದ ಹೋಗಲೇಬೇಕು ಅನ್ನುವುದು ಅಮೀರ್‌ನ ಲೆಕ್ಕ. ಅವನಿಗೆ ಹಸನ್ ಮೇಲೆ ದ್ವೇಷ ಇರಲಿಲ್ಲ. ದಿನಾ ಬೆಳಿಗ್ಗೆ ಎದ್ದರೆ ತಿಂಡಿ ಸಿದ್ಧ, ಬಟ್ಟೆ ಇಸ್ತ್ರಿಯಾಗಿ ಮಡಿಸಿಟ್ಟಿದೆ, ಅದನ್ನು ಮಾಡಿಟ್ಟವನ ಮುಖ ಮಾತ್ರ ನೋಡಲು ಆಗುತ್ತಿಲ್ಲ.

ಇದು ನನಗೆ ಪುಸ್ತಕದಿಂದ ಮಾತ್ರ ಗೊತ್ತಾದದ್ದಲ್ಲ. ನಮ್ಮದು ಅಡಿಕೆ ತೋಟದ ಮನೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದವರೊಬ್ಬರ ಮಗ ನನ್ನ ಜೊತೆಗಾರ. ಒಂದು ರಾತ್ರಿ ಇಬ್ಬರೂ ಏಡಿ ಹಿಡಿಯಲು ಹಳ್ಳಕ್ಕೆ ಹೋದಾಗ ಅಪ್ಪನ ಮೂರು ಸೆಲ್ಲಿನ ಟಾರ್ಚು ನನ್ನ ಕೈಜಾರಿ ನೀರಿಗೆ ಬಿತ್ತು. ಬೆಳಿಗ್ಗೆ ಅಪ್ಪ ಕೇಳಿದರು. ಕೇಳಿದ್ದು ನನ್ನನ್ನು, ನೋಡಿದ್ದು ಅವನನ್ನು. ನಾನು ಬಾಯಿ ಬಿಡಲಿಲ್ಲ. ಅವನು ಅಂಗಳದ ಸಗಣಿ ನೆಲವನ್ನು ಹೆಬ್ಬೆರಳಿಂದ ಕೆರೆಯುತ್ತಾ, "ನನ್ ಕೈಯಿಂದ ಬಿತ್ತು ಅಯ್ಯಾ" ಅಂದ. ಟಾರ್ಚಿನ ದುಡ್ಡು ಅವನ ಅಮ್ಮನ ಕೂಲಿಯಲ್ಲಿ ಕಳೆಯಿತು. ಅವನು ಮಾರನೇ ದಿನವೂ ಕಾಲುಸಂಕದ ಹತ್ತಿರ ನನಗಾಗಿ ಕಾಯುತ್ತಿದ್ದ. ನಾನು ಸಂಕದ ದಾರಿ ಬಿಟ್ಟು ಡಾಂಬರು ರಸ್ತೆ ಸುತ್ತಿಕೊಂಡು ಶಾಲೆಗೆ ಹೋದೆ, ಆ ವರ್ಷ ಪೂರ್ತಿ ಹಾಗೇ ಹೋದೆ. ಅಮೀರ್ ಮಾಡಿದ್ದರ ಮುಂದೆ ಇದು ಸಣ್ಣದು, ನಿಜ. ಆದರೆ ಆ ಸುತ್ತು ದಾರಿಯಲ್ಲಿ ನಡೆದವನಿಗೆ ವಾಚು ಹಾಸಿಗೆ ಕೆಳಗೆ ಯಾಕೆ ಹೋಯಿತು ಅಂತ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಹಸನ್. ಕದ್ದೆಯಾ ಅಂದರೆ ಹೌದು ಅನ್ನುತ್ತಾನೆ, ಒಂದೇ ಪದದಲ್ಲಿ. ಆಗ ಅಮೀರ್‌ಗೆ ಹೊಳೆಯುತ್ತದೆ: ತಾನು ಗಲ್ಲಿಯಲ್ಲಿ ನೋಡಿದ್ದು ಹಸನ್‌ಗೆ ಗೊತ್ತು. ಗೊತ್ತಿದ್ದೂ ಇನ್ನೊಮ್ಮೆ ಕಾಪಾಡುತ್ತಿದ್ದಾನೆ. ಅಪ್ಪ ತಕ್ಷಣ ಕ್ಷಮಿಸಿಬಿಡುತ್ತಾನೆ, ಅಮೀರ್‌ನ ಲೆಕ್ಕ ಅಲ್ಲೂ ತಪ್ಪುತ್ತದೆ. ಆದರೂ ಅಲಿ ಮಗನನ್ನು ಕರೆದುಕೊಂಡು ಹೊರಟೇಬಿಡುತ್ತಾನೆ. ಅಪ್ಪ ಅಳುವುದನ್ನು ಅಮೀರ್ ಮೊದಲ ಸಲ ನೋಡುವುದು ಆವತ್ತು.

ಹಸನ್‌ನ ನಿಯತ್ತನ್ನು ಬಹಳ ಜನ ಬಾಯ್ತುಂಬ ಹೊಗಳುತ್ತಾರೆ. ನನಗೆ ಅಷ್ಟು ಸಲೀಸಾಗಿ ಹೊಗಳಲು ಆಗುವುದಿಲ್ಲ. ಅವನ ಪ್ರೀತಿ ನಿಜ, ಅದರಲ್ಲಿ ಅನುಮಾನ ಇಲ್ಲ. ಆದರೆ ಆಳಿನ ಮಗನಿಗೆ "ಇಲ್ಲ, ನಿಮ್ಮ ಮಗನೇ ಇಟ್ಟಿದ್ದು" ಅನ್ನುವ ದಾರಿ ಇತ್ತಾ? ನಮ್ಮಲ್ಲಿ "ಉಂಡ ಮನೆಗೆ ಎರಡು ಬಗೆಯಬೇಡ" ಅಂತಾರೆ. ಈ ಮಾತನ್ನು ಉಂಡವನಿಗೆ ಹೇಳುತ್ತಾರೆ, ಉಣ್ಣಲು ಕೊಟ್ಟವನು ಹೇಗಿರಬೇಕು ಅನ್ನುವುದಕ್ಕೆ ಅಷ್ಟೇ ಚಾಲ್ತಿಯಲ್ಲಿರುವ ಗಾದೆ ನನಗೆ ಸಿಕ್ಕಿಲ್ಲ. ಸಾಗರ ಸೀಮೆಯಲ್ಲಿ 1951ರಲ್ಲೇ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದಿತ್ತು. ಆದರೂ 1974ರಲ್ಲಿ ಭೂಸುಧಾರಣೆ ಕಾನೂನು ಬಿಗಿಯಾಗಿ, ಗೇಣಿದಾರರು ತಾವು ಉಳುವ ಭೂಮಿ ತಮಗೆ ಬರಲಿ ಅಂತ ಡಿಕ್ಲರೇಷನ್ ಹಾಕಲು ಶುರು ಮಾಡಿದಾಗ ಅವರನ್ನು "ನಿಯತ್ತಿಲ್ಲದವರು" ಅಂತ ಬೈದದ್ದನ್ನು ಹಿರಿಯರ ಬಾಯಲ್ಲಿ ಕೇಳಿ ಬೆಳೆದವನು ನಾನು. ಹಸನ್ ಪಟ ಹಿಡಿದುಕೊಂಡು ಆ ಗಲ್ಲಿಯಲ್ಲಿ ನಿಂತ ಚಳಿಗಾಲವೂ ಅದೇ ಹೊತ್ತಿನದು. ನಿಯತ್ತು ಅನ್ನುವ ಪದ ಯಾರ ಬಾಯಿಂದ ಬರುತ್ತಿದೆ ಅಂತ ನೋಡದೆ ಈ ಕಾದಂಬರಿ ಓದಬಾರದು.

"ಹಾಗಾದರೆ ಕೊನೆಗೆ ಅಮೀರ್‌ನ ಪಾಪ ತೊಳೆಯಿತಾ?" ಅಂತ ಅದೇ ಓದುಗರು ಕೇಳಿದರು. ವರ್ಷಗಳು ಕಳೆದು, ಅಮೆರಿಕದಲ್ಲಿ ನೆಲೆಸಿದ ಅಮೀರ್‌ಗೆ ಹಸನ್ ತನ್ನ ಅಪ್ಪನ ಮಗನೇ ಅಂತ ಗೊತ್ತಾಗುತ್ತದೆ, ತಾಲಿಬಾನಿಗಳು ಅವನನ್ನು ಕೊಂದದ್ದೂ ಗೊತ್ತಾಗುತ್ತದೆ. ಹಸನ್‌ನ ಮಗ ಸೊಹ್ರಾಬ್‌ನನ್ನು ಬಿಡಿಸಿಕೊಂಡು ಬರಲು ಕಾಬೂಲಿಗೆ ಹೋಗಿ, ಅದೇ ಆಸೆಫ್ ಕೈಲಿ ಮೂಳೆ ಮುರಿಯುವಂತೆ ಹೊಡೆಸಿಕೊಳ್ಳುತ್ತಾನೆ. ಹೊಡೆಸಿಕೊಳ್ಳುತ್ತಾ ನಗುತ್ತಾನೆ, ದಾಳಿಂಬೆ ಮರದ ಕೆಳಗೆ ಸಿಗದ ಏಟು ಅದು. ಬಹಳ ಜನ ಪ್ರಾಯಶ್ಚಿತ್ತ ಅಂದರೆ ಇದೇ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಏಟು ತಿಂದರೆ ಹಗುರ ಆಗುವುದು ತಿಂದವನಿಗೆ, ಸೊಹ್ರಾಬ್‌ಗೆ ಅದರಿಂದ ಏನು ಸಿಕ್ಕಿತು? ಅದಾದ ಮೇಲೂ ಅಮೀರ್ ಆ ಹುಡುಗನಿಗೆ ಕೊಟ್ಟ ಮಾತು ತಪ್ಪುವ ಹಂತಕ್ಕೆ ಬರುತ್ತಾನೆ, ಮತ್ತೆ ಅನಾಥಾಶ್ರಮಕ್ಕೆ ಹೋಗಬೇಕಾಗಬಹುದು ಅನ್ನುತ್ತಾನೆ, ಹುಡುಗ ಸಾಯಲು ಹೊರಡುತ್ತಾನೆ.

ನನಗೆ ದೊಡ್ಡದಾಗಿ ಕಾಣುವುದು ಎರಡು ಸಣ್ಣ ಜಾಗ. ಕಾಬೂಲಿಗೆ ಹೋಗುವಾಗ ಬಡವರೊಬ್ಬರ ಮನೆಯಲ್ಲಿ ಉಳಿದ ಅಮೀರ್ ತನ್ನ ವಾಚನ್ನು ಅಲ್ಲಿನ ಮಕ್ಕಳಿಗೆ ಕೊಡುತ್ತಾನೆ. ಮಕ್ಕಳು ನೋಡುತ್ತಿದ್ದದ್ದು ವಾಚನ್ನಲ್ಲ, ತಾನು ಉಣ್ಣುತ್ತಿದ್ದ ಊಟವನ್ನು ಅಂತ ಆಮೇಲೆ ತಿಳಿಯುತ್ತದೆ. ಬೆಳಿಗ್ಗೆ ಯಾರಿಗೂ ಕಾಣದ ಹಾಗೆ ಹಾಸಿಗೆ ಕೆಳಗೆ ದುಡ್ಡು ಇಟ್ಟು ಹೊರಡುತ್ತಾನೆ. ಕೈ ಅದೇ, ಇಡುವ ಜಾಗವೂ ಅದೇ. ಇನ್ನೊಂದು, ಕ್ಯಾಲಿಫೋರ್ನಿಯಾದ ಮನೆಯಲ್ಲಿ ಮಾವ ಸೊಹ್ರಾಬ್‌ನನ್ನು "ಹಜಾರಾ ಹುಡುಗ" ಅಂದಾಗ. ನನ್ನ ಎದುರು ಹಾಗೆ ಕರೆಯಬೇಡಿ, ಅವನಿಗೆ ಹೆಸರಿದೆ ಅಂತ ಅಮೀರ್ ಊಟದ ಮೇಜಿನಲ್ಲೇ ಹೇಳಿಬಿಡುತ್ತಾನೆ, ಹಸನ್ ತನ್ನ ಅಪ್ಪನ ಮಗ ಅನ್ನುವುದನ್ನೂ ಹೇಳುತ್ತಾನೆ. ಬಾಯಿ ಬಿಡಬೇಕಾದ ಹೊತ್ತಿನಲ್ಲಿ ಬಾಯಿ ಬಿಟ್ಟ.

ಹಸನ್ ಅವನನ್ನು ಕ್ಷಮಿಸಿದ್ದನಾ ಅನ್ನುವುದಕ್ಕೆ ಪುಸ್ತಕದಲ್ಲಿ ಇರುವುದು ಒಂದು ಪತ್ರ. ಚಿಕ್ಕಂದಿನಲ್ಲಿ ಓದು ಬರಹ ಬಾರದ ಹಸನ್‌ಗೆ ಕಥೆ ಓದಿ ಹೇಳುತ್ತಿದ್ದವನು ಅಮೀರ್, ಕಷ್ಟದ ಪದ ಕೇಳಿದಾಗ ತಪ್ಪು ಅರ್ಥ ಹೇಳಿ ನಗುತ್ತಿದ್ದವನೂ ಅವನೇ. ಆ ಹಸನ್ ದೊಡ್ಡವನಾದ ಮೇಲೆ ಅಕ್ಷರ ಕಲಿತು ಅಮೀರ್‌ಗೆ ಬರೆಯುತ್ತಾನೆ. ಮರದ ಕೆಳಗೆ ಕೇಳಿದ ಕಥೆಯೊಳಗಿನ ಹೆಸರನ್ನೇ ಮಗನಿಗೆ ಇಟ್ಟಿದ್ದಾನೆ. ಆ ದಾಳಿಂಬೆ ಮರ ಈಗ ಹಣ್ಣು ಬಿಡುವುದಿಲ್ಲ ಅಂತ ಬರೆದಿದ್ದಾನೆ. ನೀನು ಬಂದರೆ ಹಳೆಯ ಗೆಳೆಯ ಕಾಯುತ್ತಿರುತ್ತಾನೆ ಅಂತ ಬರೆದಿದ್ದಾನೆ. ವಾಚಿನ ಮಾತು ಆ ಪತ್ರದಲ್ಲಿ ಎಲ್ಲೂ ಇಲ್ಲ.