ಡ್ರೂಯಿಡ್ ಹೀಲರ್ ಇದ್ದರೂ ಟ್ಯಾಂಕ್ ಯಾಕೆ ಸಾಯ್ತಾನೆ?

ಪ್ರಶ್ನೆ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ ಅನ್ನುವ ಆನ್‌ಲೈನ್ ಆಟದಲ್ಲಿ ರೆಸ್ಟೊರೇಷನ್ ಡ್ರೂಯಿಡ್ (ಜೊತೆಗಾರರ ಹೆಲ್ತ್ ತುಂಬುವ ಹೀಲರ್) ಆಡುತ್ತಿದ್ದೇನೆ. ಎಲ್ಲರ ಪರವಾಗಿ ಶತ್ರುಗಳ ಏಟು ತಿನ್ನುವ ಟ್ಯಾಂಕ್‌ನ ಹೆಲ್ತ್ ಇಳಿದ ಕೂಡಲೇ ರಿಜುವನೇಷನ್ ಅನ್ನುವ ಹೀಲ್ ಮಂತ್ರ ಹಾಕುತ್ತೇನೆ, ಆದರೂ ಸಾಯುತ್ತಾನೆ. ಬೆಂಗಳೂರಿನಿಂದ ಪಿಂಗ್ (ಸರ್ವರ್‌ಗೆ ಸಿಗ್ನಲ್ ಹೋಗಿಬರುವ ಹೊತ್ತು) ಜಾಸ್ತಿ, ಅದಕ್ಕೇನಾ? ಕ್ಲಾಸ್ (ಪಾತ್ರದ ವರ್ಗ) ಬದಲಾಯಿಸಲಾ?

ಉತ್ತರ: ಬೇಡ. ಪಿಂಗ್ ಆಮೇಲೆ ನೋಡೋಣ. ನೀವು ಮಂತ್ರ ಹಾಕುವ ಹೊತ್ತೇ ತಡವಾಗಿದೆ. ರಿಜುವನೇಷನ್ ಹೆಲ್ತನ್ನು ಒಂದೇ ಸಲಕ್ಕೆ ತುಂಬಿಸುವುದಿಲ್ಲ. 12 ಸೆಕೆಂಡಿನ ಆಸುಪಾಸು ಸ್ವಲ್ಪಸ್ವಲ್ಪವೇ ಕೊಡುತ್ತದೆ. ಹೆಲ್ತ್ ಅರ್ಧಕ್ಕೆ ಬಂದ ಮೇಲೆ ಅದನ್ನು ಹಾಕುವುದು ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಟ್ಯಾಂಕ್ ಶತ್ರುಗಳ ಕಡೆ ಓಡುವಾಗಲೇ ಇನ್ನೊಂದು ನಿಧಾನದ ಹೀಲ್ ಆದ ಲೈಫ್‌ಬ್ಲೂಮ್, ರಿಜುವನೇಷನ್ ಎರಡೂ ಅವನ ಮೇಲಿರಲಿ. ಫುಲ್ ಹೆಲ್ತ್ ಇರುವವನಿಗೆ ಹೀಲ್ ಯಾಕೆ ಅನಿಸುತ್ತೆ, ಅಲ್ವಾ? ಕಾರಣ ಇದೆ. ಡ್ರೂಯಿಡ್‌ನ ಮಾಸ್ಟರಿ (ವಿಶೇಷ ಗುಣ) ‘ಹಾರ್ಮನಿ’. ಒಬ್ಬನ ಮೇಲೆ ಇಂಥ ನಿಧಾನದ ಹೀಲ್‌ಗಳು ಎಷ್ಟು ಜಾಸ್ತಿಯೋ, ಅವನಿಗೆ ನೀವು ಕೊಡುವ ಪ್ರತಿಯೊಂದು ಹೀಲೂ ಅಷ್ಟು ಗಟ್ಟಿ. ತಕ್ಷಣ ಹೆಲ್ತ್ ಏರಿಸುವ ಸ್ವಿಫ್ಟ್‌ಮೆಂಡ್ ಕೂಡ ಮೊದಲೇ ರಿಜುವನೇಷನ್, ರೀಗ್ರೋತ್ ಅಥವಾ ವೈಲ್ಡ್ ಗ್ರೋತ್ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಏನೂ ಹಾಕಿಲ್ಲವಾ? ಆ ಬಟನ್ ಸುಮ್ನೆ.

ಬಾಸ್‌ನ ದೊಡ್ಡ ಏಟು ಬರುವುದು ಗೊತ್ತಿದ್ದರೆ ಐರನ್‌ಬಾರ್ಕ್ ಬಳಸಿ. 12 ಸೆಕೆಂಡು ಟ್ಯಾಂಕ್‌ಗೆ ಬೀಳುವ ಪೆಟ್ಟು 20% ಕಡಿಮೆಯಾಗುತ್ತದೆ. ಹೊಸಬರು ಇದನ್ನು ‘ಕಷ್ಟಕಾಲಕ್ಕೆ’ ಅಂತ ಎತ್ತಿಟ್ಟು, ಕೊನೆಗೂ ಒತ್ತುವುದೇ ಇಲ್ಲ. ಹಾಗಂತ ತಂಡದ ಐದೂ ಜನರ ಮೇಲೆ ಸದಾ ರಿಜುವನೇಷನ್ ಹಾಕುತ್ತಾ ಕೂರಬೇಡಿ, ಮಾನಾ (ಮಂತ್ರ ಹಾಕಲು ಬೇಕಾದ ಶಕ್ತಿ) ಖಾಲಿಯಾಗುತ್ತೆ. ಎಲ್ಲರಿಗೂ ಏಟು ಬಿದ್ದಾಗ ವೈಲ್ಡ್ ಗ್ರೋತ್ ಇದೆಯಲ್ಲ.

ಈಗ ಪಿಂಗ್. ಈ ಆಟಕ್ಕೆ ಭಾರತದಲ್ಲಿ ಸರ್ವರ್ ಇಲ್ಲ. ನಮ್ಮವರು ಯುರೋಪ್‌ನಲ್ಲೋ ಸಿಡ್ನಿ ಕಡೆಯಲ್ಲೋ ಆಡಬೇಕು, ಬಟನ್ ಒತ್ತಿದ್ದು ಅಲ್ಲಿಗೆ ತಲುಪಲು ಹೊತ್ತು ಹಿಡಿಯುತ್ತದೆ. ಕೊನೇ ಗಳಿಗೆಯಲ್ಲಿ ಉಳಿಸಲು ನೋಡುವ ಹೀಲರ್‌ಗೆ ಇದು ನಿಜಕ್ಕೂ ಕಾಟ. ಮುಂಚೆಯೇ ಹಾಕಿಡುವ ಡ್ರೂಯಿಡ್‌ಗೆ ಅಷ್ಟಿಲ್ಲ. ನನ್ನ ಕೇಳಿದರೆ ಬೆಂಗಳೂರಿನಿಂದ ಆಡುವವರಿಗೆ ಇದೇ ಒಳ್ಳೆಯ ಹೀಲರ್. ಸಂಜೆ ಮಳೆಗೆ ಕರೆಂಟ್ ಹೋಗಿ ನೀವು ಆಟದಿಂದ ಹೊರಬಿದ್ದರೂ, ಹಾಕಿಟ್ಟ ರಿಜುವನೇಷನ್ ಇನ್ನಷ್ಟು ಸೆಕೆಂಡು ಕೆಲಸ ಮಾಡುತ್ತಿರುತ್ತದೆ. ಆದರೂ ರೌಟರ್‌ಗೊಂದು ಯುಪಿಎಸ್ ಇಟ್ಟುಕೊಳ್ಳಿ.